ಹೆರಿಗೆ ನೋವು ಮತ್ತು ಬೆನ್ನಿನ ಸೂಜಿ

ಬೀದರ ಜಿಲ್ಲೆಯ ಮನ್ನಾಏಖೇಳ್ಳಿಯಿಂದ ಪಿಯುಸಿ ಓದುತ್ತಿರುವ ವಿದ್ಯಾರ್ಥಿನಿಯೊಬ್ಬಳು ನಮ್ಮ ಸಂವಾದ ಕಾರ್ಯಕ್ರಮಕ್ಕೆ ಪತ್ರ ಬರೆದಿದ್ದಳು. ಹೈದರಾಬಾದಿನಲ್ಲಿ ಸಂಸಾರ ಮಾಡಿಕೊಂಡಿರುವ ಅವಳ ಅಕ್ಕ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಾಳೆ. ಅಲ್ಲಿಯ ನೆರೆಮನೆಯವಳು ಬೆನ್ನಿಗೆ ಸೂಜಿ ಹಾಕಿಸಿಕೊಂಡು ನೋವಿಲ್ಲದೆ ಹೆತ್ತಳಂತೆ. ಮನೆಯಲ್ಲಿ ಅಜ್ಜಿಯ ಮಾತೇ ಬೇರೆ: "ಬ್ಯಾನಿ ತಿನ್ನದ ತಾಯಿ ಆಗೂದು ಹ್ಯಾಂಗ? ಬೆನ್ನಿಗೆ ಸೂಜಿ ಚುಚ್ಚಿಸಿಕೊಂಡರ ಸಾಯೂತನಕ ಸೊಂಟನೋವು." ಪತ್ರದ ಕೊನೆಗೆ ಮೂರು ಪ್ರಶ್ನೆಗಳಿದ್ದವು. ಆ ಸೂಜಿ ಏನು ಮಾಡುತ್ತದೆ? ಅದರಿಂದ ತಾಯಿಗೆ, ಮಗುವಿಗೆ ಅಪಾಯವಿದೆಯೇ? ನಮ್ಮಂಥ ಊರುಗಳಲ್ಲಿ ಅದರ ಮಾತೇ ಏಕೆ ಬರುವುದಿಲ್ಲ?

ಅರ್ಧ ಗಂಟೆಯ ಚರ್ಚೆಯಲ್ಲಿ ಮೊದಲೆರಡು ಪ್ರಶ್ನೆಗಳೇ ಸಮಯವನ್ನು ನುಂಗಿಬಿಟ್ಟವು. ಮೂರನೆಯದು ಉಳಿದುಹೋಯಿತು. ಆದ್ದರಿಂದ ಮೂರನ್ನೂ ಇಲ್ಲಿ ಕ್ರಮವಾಗಿ ನೋಡೋಣ.

ನೋವು ಹುಟ್ಟುವುದೆಲ್ಲಿ?

ಗರ್ಭಕೋಶವು ಸ್ನಾಯುವಿನಿಂದಾದ ಒಂದು ಚೀಲ. ಹೆರಿಗೆ ಆರಂಭವಾದಾಗ ಈ ಸ್ನಾಯು ಮತ್ತೆ ಮತ್ತೆ ಬಿಗಿದು ಸಡಿಲಗೊಳ್ಳುತ್ತದೆ. ಪ್ರತಿ ಸಲ ಬಿಗಿದಾಗಲೂ ಗರ್ಭಕೋಶದ ಬಾಯಿ ಸ್ವಲ್ಪಸ್ವಲ್ಪವೇ ತೆರೆದುಕೊಳ್ಳುತ್ತದೆ. ಅದು ಸುಮಾರು 10 ಸೆಂಟಿಮೀಟರಿನಷ್ಟು ಅಗಲವಾಗುವವರೆಗೆ ಮೊದಲನೆಯ ಹಂತ. ಅಲ್ಲಿಂದ ಮಗು ಹೊರಬರುವವರೆಗೆ ಎರಡನೆಯ ಹಂತ.

ಮೊದಲನೆಯ ಹಂತದ ನೋವಿನ ಸುದ್ದಿಯನ್ನು ಎದೆಭಾಗದ ಹತ್ತನೆಯ ನರದಿಂದ ಸೊಂಟದ ಮೊದಲನೆಯ ನರದವರೆಗಿನ ನರಗಳು ಬೆನ್ನುಹುರಿಗೆ ಒಯ್ಯುತ್ತವೆ. ಹೊಕ್ಕುಳಿನ ಕೆಳಗೆ ಹಿಂಡಿದಂತೆ, ಸೊಂಟ ಮುರಿದಂತೆ ಅನಿಸುವುದು ಇದರಿಂದಲೇ. ಎರಡನೆಯ ಹಂತದಲ್ಲಿ ಮಗು ಹೆರಿಗೆಯ ದಾರಿಯನ್ನು ಹಿಗ್ಗಿಸುವ ನೋವು ಸೇರುತ್ತದೆ. ಅದರ ಸುದ್ದಿ ಇನ್ನೂ ಕೆಳಗಿನ, ತ್ರಿಕಾಸ್ಥಿಯ ಎರಡರಿಂದ ನಾಲ್ಕನೆಯ ನರಗಳ ಮೂಲಕ ಹೋಗುತ್ತದೆ. ಎಲ್ಲ ಸುದ್ದಿಯೂ ಬೆನ್ನುಮೂಳೆಯ ಬಾಗಿಲನ್ನು ಹಾದೇ ಮಿದುಳಿಗೆ ಹೋಗಬೇಕು. ಆ ಬಾಗಿಲಲ್ಲೇ ಅದನ್ನು ತಡೆದರೆ ತಾಯಿ ಎಚ್ಚರವಾಗಿಯೇ ಇರುತ್ತಾಳೆ, ಗರ್ಭಕೋಶ ತನ್ನ ಕೆಲಸ ಮುಂದುವರಿಸುತ್ತದೆ, ನೋವು ಮಾತ್ರ ತಗ್ಗುತ್ತದೆ. ಎಪಿಡ್ಯೂರಲ್ ವಿಧಾನದ ತಿರುಳು ಇಷ್ಟೇ.

ಕೊಳವೆಬಾವಿಯ ಹೋಲಿಕೆ

ನಿಮ್ಮ ಹೊಲದ ಕೊಳವೆಬಾವಿಯನ್ನು ನೆನೆಸಿಕೊಳ್ಳಿ. ಹೊರಗೆ ಗಟ್ಟಿ ಕೇಸಿಂಗ್. ಅದರೊಳಗೆ ಇನ್ನೊಂದು ಪೈಪು, ಆ ಪೈಪಿನೊಳಗೆ ನೀರು. ಬೆನ್ನಿನ ರಚನೆಯೂ ಹೆಚ್ಚುಕಡಿಮೆ ಹೀಗೆಯೇ. ಕಶೇರುಮಣಿಗಳ ಕಾಲುವೆ ಹೊರಗಿನ ಕೇಸಿಂಗ್. ಡ್ಯೂರಾ ಎಂಬ ಗಟ್ಟಿಪೊರೆ ಒಳಗಿನ ಪೈಪು. ಅದರೊಳಗೆ ತಿಳಿನೀರಿನಂಥ ದ್ರವ, ಆ ದ್ರವದಲ್ಲಿ ಬೆನ್ನುಹುರಿ ಮತ್ತು ನರಗಳು. ಕೇಸಿಂಗಿಗೂ ಪೈಪಿಗೂ ನಡುವೆ ಸಂದು ಇರುವಂತೆ ಡ್ಯೂರಾದ ಹೊರಗೂ ಒಂದು ಕಿರಿದಾದ ಸಂದು ಇದೆ. ಅಲ್ಲಿ ಕೊಬ್ಬು, ರಕ್ತನಾಳಗಳು ಮತ್ತು ಹೊರಟುಬರುವ ನರಗಳ ಬುಡಗಳಿವೆ. 'ಎಪಿ' ಎಂದರೆ ಮೇಲೆ. ಡ್ಯೂರಾದ ಮೇಲಿನ ಈ ಸಂದೇ ಎಪಿಡ್ಯೂರಲ್ ಜಾಗ.

ಈಗ ನಿಮ್ಮ ಎರಡೂ ಕೈಗಳನ್ನು ಸೊಂಟದ ಮೇಲಿಟ್ಟು ಮೂಳೆಯ ಅಂಚನ್ನು ಮುಟ್ಟಿ ನೋಡಿ. ಎರಡು ಅಂಚುಗಳನ್ನು ಸೇರಿಸುವ ಗೆರೆಯೊಂದನ್ನು ಬೆನ್ನಿನ ಮೇಲೆ ಎಳೆದರೆ ಅದು ಸೊಂಟದ ನಾಲ್ಕನೆಯ ಮಣಿಯ ಆಸುಪಾಸಿನಲ್ಲಿ ಹಾಯುತ್ತದೆ. ವೈದ್ಯರು ಸೂಜಿಯ ಜಾಗವನ್ನು ಗುರುತಿಸುವುದು ಈ ಗೆರೆಯಿಂದಲೇ. ವಯಸ್ಕರಲ್ಲಿ ಬೆನ್ನುಹುರಿ ಸಾಮಾನ್ಯವಾಗಿ ಸೊಂಟದ ಮೊದಲ ಅಥವಾ ಎರಡನೆಯ ಮಣಿಯ ಹತ್ತಿರವೇ ಮುಗಿದುಹೋಗಿರುತ್ತದೆ. ಅದರ ಕೆಳಗೆ ಕುದುರೆಯ ಬಾಲದಂತೆ ಬಿಡಿಬಿಡಿಯಾದ ನರಗಳಷ್ಟೇ ಇರುತ್ತವೆ. "ಸೂಜಿ ಬೆನ್ನುಹುರಿಗೇ ಚುಚ್ಚುತ್ತದೆ" ಎಂಬ ಭಯಕ್ಕೆ ಉತ್ತರ ಇಲ್ಲಿದೆ.

ಸೂಜಿಯ ಕೆಲಸ

ತಾಯಿ ಬೆನ್ನನ್ನು ಬಿಲ್ಲಿನಂತೆ ಬಾಗಿಸಿ ಕುಳಿತುಕೊಳ್ಳುತ್ತಾಳೆ, ಇಲ್ಲವೇ ಮಗ್ಗುಲಾಗಿ ಮಲಗುತ್ತಾಳೆ. ಮೊದಲು ಚರ್ಮವನ್ನು ಶುಚಿಗೊಳಿಸಿ ಮರಗಟ್ಟಿಸುತ್ತಾರೆ. ಅನಂತರ ತುದಿ ಸ್ವಲ್ಪ ಬಾಗಿದ ಸೂಜಿಯನ್ನು ಎರಡು ಮಣಿಗಳ ನಡುವೆ ನಿಧಾನವಾಗಿ ಸಾಗಿಸುತ್ತಾರೆ. ಸೂಜಿಗೆ ಜೋಡಿಸಿದ ಪಿಚಕಾರಿಯಲ್ಲಿ ಉಪ್ಪುನೀರಿರುತ್ತದೆ. ಬಿಗಿಯಾದ ಹಳದಿ ಅಸ್ಥಿರಜ್ಜುವಿನಲ್ಲಿ ಸೂಜಿಯ ತುದಿ ಇರುವವರೆಗೆ ನೀರು ಮುಂದೆ ಹೋಗುವುದೇ ಇಲ್ಲ. ರಜ್ಜುವನ್ನು ದಾಟಿ ಸಂದಿಗೆ ಬಂದ ಕ್ಷಣ ತಡೆ ಮಾಯವಾಗುತ್ತದೆ. ಕಣ್ಣಿಗೆ ಕಾಣದ ಜಾಗವನ್ನು ವೈದ್ಯರ ಹೆಬ್ಬೆರಳು ಹೀಗೆ ಗುರುತಿಸುತ್ತದೆ.

ಬಳಿಕ ಸೂಜಿಯೊಳಗಿನಿಂದ ದಾರದಷ್ಟು ಸಣ್ಣ ಪ್ಲಾಸ್ಟಿಕ್ ನಳಿಕೆಯನ್ನು ತೂರಿಸಿ, ಸೂಜಿಯನ್ನು ಹೊರತೆಗೆಯುತ್ತಾರೆ. ಬೆನ್ನಿನಲ್ಲಿ ಉಳಿಯುವುದು ಮೆದುವಾದ ನಳಿಕೆ ಮಾತ್ರ. ಹೆರಿಗೆ ಎಷ್ಟು ಹೊತ್ತು ನಡೆದರೂ ಅದರ ಮೂಲಕ ಔಷಧಿ ಕೊಡುತ್ತಿರಬಹುದು. 1921ರಲ್ಲಿ ಸ್ಪೇನಿನ ಫಿದೆಲ್ ಪಾಹೆಸ್ ಸೊಂಟದ ಭಾಗದ ಎಪಿಡ್ಯೂರಲ್ ಅರಿವಳಿಕೆಯನ್ನು ವಿವರಿಸಿದರು. 1947ರಲ್ಲಿ ಕ್ಯೂಬಾದ ಮಾನುಯೆಲ್ ಮಾರ್ತೀನೆಸ್ ಕುರ್ಬೇಲೊ ನಳಿಕೆಯನ್ನು ಒಳಗೇ ಇಟ್ಟು ಔಷಧಿ ಮುಂದುವರಿಸುವ ದಾರಿ ತೋರಿದರು.

ಬುಪಿವಕೇನ್‌ನಂಥ ಔಷಧಿ ನರದೊಳಕ್ಕೆ ಸೋಡಿಯಂ ಅಯಾನುಗಳು ನುಗ್ಗುವ ಬಾಗಿಲನ್ನು ಮುಚ್ಚುತ್ತದೆ. ಸೋಡಿಯಂ ಒಳಬರದಿದ್ದರೆ ನರದಲ್ಲಿ ವಿದ್ಯುತ್ ಸಂಕೇತ ಹರಿಯದು. ನೋವನ್ನು ಒಯ್ಯುವ ತೆಳ್ಳನೆಯ ನರತಂತುಗಳು ಕಡಿಮೆ ಔಷಧಿಗೇ ಮೌನವಾಗುತ್ತವೆ. ಕಾಲನ್ನು ಆಡಿಸುವ ದಪ್ಪ ತಂತುಗಳಿಗೆ ಹೆಚ್ಚು ಬೇಕು. ಹಿಂದೆ ಶೇಕಡ 0.25ರಷ್ಟು ಗಾಢವಾದ ದ್ರಾವಣ ಬಳಸುತ್ತಿದ್ದರು, ಕಾಲು ಮರದಂತಾಗುತ್ತಿತ್ತು. ಈಗ ಸಾಮಾನ್ಯವಾಗಿ ಶೇಕಡ 0.1 ಅಥವಾ ಅದಕ್ಕಿಂತ ತೆಳುವಾದ ದ್ರಾವಣಕ್ಕೆ ಫೆಂಟನಿಲ್ ಎಂಬ ನೋವುನಿವಾರಕವನ್ನು ಅತ್ಯಲ್ಪವಾಗಿ ಬೆರೆಸುತ್ತಾರೆ. ನೋವು ಹದಿನೈದು ಇಪ್ಪತ್ತು ನಿಮಿಷಗಳಲ್ಲಿ ಇಳಿಯುತ್ತದೆ, ಕಾಲಾಡಿಸಲು ಬರುತ್ತದೆ.

ಸಿಸೇರಿಯನ್‌ಗೆ ಕೊಡುವ ಬೆನ್ನಿನ ಸೂಜಿ ಬಹುಪಾಲು ಇದಲ್ಲ. ಅಲ್ಲಿ ಡ್ಯೂರಾವನ್ನು ದಾಟಿ ಒಳಗಿನ ದ್ರವಕ್ಕೇ ಒಂದು ಸಲ ಔಷಧಿ ಕೊಡುತ್ತಾರೆ. ಕೆಲವೇ ನಿಮಿಷಗಳಲ್ಲಿ ಸೊಂಟದ ಕೆಳಗೆಲ್ಲ ಮರಗಟ್ಟುತ್ತದೆ. ಊರಿನ ಮಾತಿನಲ್ಲಿ ಇವೆರಡೂ ಒಂದೇ ಆಗಿಬಿಟ್ಟಿವೆ.

ಅಪಾಯದ ಲೆಕ್ಕ

ಮೊದಲು ಅಜ್ಜಿಯ ಮಾತು. ಸೂಜಿ ಚುಚ್ಚಿದ ಜಾಗ ಕೆಲವು ದಿನ ನೋಯುವುದು ನಿಜ. ಆದರೆ ಎಪಿಡ್ಯೂರಲ್ ಪಡೆದವರಿಗೂ ಪಡೆಯದವರಿಗೂ ದೀರ್ಘಕಾಲದ ಸೊಂಟನೋವಿನಲ್ಲಿ ವ್ಯತ್ಯಾಸ ಕಂಡುಬಂದಿಲ್ಲ. ಬಸುರಿನಲ್ಲಿ ರಜ್ಜುಗಳು ಸಡಿಲಾಗುವುದು, ಹೊಟ್ಟೆಯ ಭಾರ, ಆಮೇಲೆ ಬಗ್ಗಿ ಮಗುವನ್ನು ಎತ್ತುವುದು, ಇವು ಸೊಂಟನೋವಿಗೆ ಸಾಕಷ್ಟು ಕಾರಣಗಳು. ಸೂಜಿಯ ನೆನಪು ಉಳಿದಿರುತ್ತದೆ, ದೂರು ಅದರ ಮೇಲೆ ಬೀಳುತ್ತದೆ.

ನಿಜವಾದ ತೊಂದರೆಗಳೂ ಇವೆ, ಅವನ್ನು ಮುಚ್ಚಿಡಬಾರದು. ತಾಯಿಯ ರಕ್ತದೊತ್ತಡ ಇಳಿಯಬಹುದು. ಇಳಿದರೆ ಮಗುವಿಗೆ ಹೋಗುವ ರಕ್ತವೂ ಕಡಿಮೆಯಾಗುತ್ತದೆ. ತುರಿಕೆ, ಜ್ವರ ಬರಬಹುದು, ಮೂತ್ರ ಕಟ್ಟಬಹುದು. ಎರಡನೆಯ ಹಂತ ಸ್ವಲ್ಪ ಉದ್ದವಾಗಬಹುದು. ಸುಮಾರು ನೂರರಲ್ಲಿ ಒಬ್ಬರಿಗೆ ಸೂಜಿ ಅಕಸ್ಮಾತ್ ಡ್ಯೂರಾವನ್ನು ದಾಟಿ ಕೆಲವು ದಿನ ತೀವ್ರ ತಲೆನೋವು ಬರಬಹುದು. ಅದಕ್ಕೆ ಚಿಕಿತ್ಸೆ ಇದೆ. ನರಕ್ಕೆ ಶಾಶ್ವತ ಹಾನಿ ಅತಿ ವಿರಳ. ರಕ್ತ ಹೆಪ್ಪುಗಟ್ಟದ ಕಾಯಿಲೆ ಇರುವವರಿಗೆ, ಪ್ಲೇಟ್‌ಲೆಟ್ ಬಹಳ ಕಡಿಮೆ ಇರುವವರಿಗೆ, ಬೆನ್ನಿನ ಚರ್ಮದಲ್ಲಿ ಸೋಂಕಿರುವವರಿಗೆ ಇದನ್ನು ಕೊಡುವುದಿಲ್ಲ. ಎಪಿಡ್ಯೂರಲ್‌ನಿಂದ ಸಿಸೇರಿಯನ್ ಹೆಚ್ಚುತ್ತದೆ ಎಂಬ ಮಾತನ್ನು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ಪರೀಕ್ಷಿಸಿದಾಗ ಅದು ನಿಲ್ಲಲಿಲ್ಲ.

ಮಗು? ಹುಟ್ಟಿದ ಒಂದು ಮತ್ತು ಐದನೆಯ ನಿಮಿಷಕ್ಕೆ ಮಗುವಿನ ಉಸಿರು, ಎದೆಬಡಿತ, ಬಣ್ಣ, ಚಲನೆಗಳಿಗೆ ಅಂಕ ಕೊಡುವ ಪದ್ಧತಿಯಿದೆ. ಇದನ್ನು 1953ರಲ್ಲಿ ಪ್ರಕಟಿಸಿದವರು ಅಮೆರಿಕದ ಅರಿವಳಿಕೆ ತಜ್ಞೆ ವರ್ಜೀನಿಯಾ ಆಪ್ಗರ್. ಎಪಿಡ್ಯೂರಲ್ ಪಡೆದ ತಾಯಂದಿರ ಮಕ್ಕಳು ಐದನೆಯ ನಿಮಿಷದ ಅಂಕದಲ್ಲಿ ಹಿಂದೆ ಬಿದ್ದಿಲ್ಲ.

ಹೈದರಾಬಾದಿನ ಪಾಠ

ಇನ್ನು ಮೂರನೆಯ ಪ್ರಶ್ನೆ. ಇದಕ್ಕೆ ಸ್ವಲ್ಪ ಇತಿಹಾಸ ಬೇಕು, ಅದು ನಿಮ್ಮ ನಾಡಿನದೇ ಇತಿಹಾಸ.

1847ರಲ್ಲಿ ಎಡಿನ್‌ಬರೊದ ಜೇಮ್ಸ್ ಯಂಗ್ ಸಿಂಪ್ಸನ್ ಹೆರಿಗೆಯ ನೋವಿಗೆ ಮೊದಲು ಈಥರ್, ಅನಂತರ ಕ್ಲೋರೋಫಾರ್ಮ್ ಬಳಸಿದರು. ಹೆರಿಗೆಯ ನೋವನ್ನು ತಗ್ಗಿಸುವುದು ತಪ್ಪೆಂದು ವಾದಿಸಿದವರು ಅಲ್ಲೂ ಇದ್ದರು. ಎಂದರೆ ಅಜ್ಜಿಯ ಮಾತು ಮನ್ನಾಏಖೇಳ್ಳಿಯದು ಮಾತ್ರವಲ್ಲ. 1853ರಲ್ಲಿ ವಿಕ್ಟೋರಿಯಾ ರಾಣಿ ತನ್ನ ಹೆರಿಗೆಯಲ್ಲಿ ಕ್ಲೋರೋಫಾರ್ಮ್ ಪಡೆದ ಮೇಲೆ ವಿರೋಧ ತಗ್ಗುತ್ತ ಬಂತು. ಆದರೆ ಕ್ಲೋರೋಫಾರ್ಮ್ ಕೊಟ್ಟಾಗ ಕೆಲವರು ಸಾಯುತ್ತಿದ್ದರು. ಏಕೆ? ಇದನ್ನು ತಿಳಿಯಲು 1888 ಮತ್ತು 1889ರಲ್ಲಿ ಎರಡು ಆಯೋಗಗಳು ನೂರಾರು ಪ್ರಾಣಿಗಳ ಮೇಲೆ ಪ್ರಯೋಗ ನಡೆಸಿದವು. ನಡೆದದ್ದು ಹೈದರಾಬಾದಿನಲ್ಲಿ, ವೆಚ್ಚ ನಿಜಾಮರದು, ಮುಂದಾಳು ಅಲ್ಲಿಯ ಸರ್ಜನ್ ಎಡ್ವರ್ಡ್ ಲಾರಿ. ಆಗ ಬೀದರ ಜಿಲ್ಲೆ ಆ ಸಂಸ್ಥಾನದ ಭಾಗ.

ಉಸಿರು ನಿಂತ ಮೇಲೆಯೇ ಹೃದಯ ನಿಲ್ಲುತ್ತದೆ, ಆದ್ದರಿಂದ ಉಸಿರನ್ನು ಕಾದರೆ ಸಾಕು ಎಂದು ಲಾರಿ ತೀರ್ಮಾನಿಸಿದರು. ಮುಂದೆ ಅದು ಪೂರ್ತಿ ಸರಿಯಲ್ಲವೆಂದು ತಿಳಿಯಿತು; ಕ್ಲೋರೋಫಾರ್ಮ್ ನೇರವಾಗಿ ಹೃದಯದ ಲಯವನ್ನೇ ಕೆಡಿಸಬಲ್ಲದು. ಆದರೂ ಒಂದು ಮಾತು ಉಳಿಯಿತು: ಔಷಧಿ ಕೊಟ್ಟವರು ಕಣ್ಣು ತೆಗೆಯದೆ ರೋಗಿಯನ್ನು ನೋಡುತ್ತಿರಬೇಕು. ಅದೇ ಕಾಲದಲ್ಲಿ ಹೈದರಾಬಾದ್ ವೈದ್ಯಕೀಯ ಶಾಲೆಯಲ್ಲಿ ಕಲಿತು ಕ್ಲೋರೋಫಾರ್ಮ್ ಕೊಡುವ ಕೆಲಸಕ್ಕೆ ನಿಂತ ರೂಪಾಬಾಯಿ ಫರ್ದೂನ್‌ಜಿ ಅವರನ್ನು ಇಂದು ಜಗತ್ತಿನ ಮೊದಮೊದಲ ಮಹಿಳಾ ಅರಿವಳಿಕೆ ತಜ್ಞರಲ್ಲಿ ಒಬ್ಬರೆಂದು ಗುರುತಿಸುತ್ತಾರೆ.

ಕೊರತೆ ಯಾವುದರದು?

ಎಪಿಡ್ಯೂರಲ್‌ಗೂ ಇದೇ ನಿಯಮ. ಔಷಧಿ ಕೊಟ್ಟ ಮೊದಲ ಇಪ್ಪತ್ತು ನಿಮಿಷ ಮತ್ತೆ ಮತ್ತೆ ರಕ್ತದೊತ್ತಡ ನೋಡಬೇಕು, ಮಗುವಿನ ಎದೆಬಡಿತ ಕೇಳುತ್ತಿರಬೇಕು. ಚೊಚ್ಚಲ ಹೆರಿಗೆ ಹನ್ನೆರಡು ಗಂಟೆ ನಡೆದರೆ ಅಷ್ಟೂ ಹೊತ್ತು ತಜ್ಞರು ಕರೆದೊಡನೆ ಬರುವಂತಿರಬೇಕು. ತುರ್ತು ಬಂದರೆ ಶಸ್ತ್ರಕ್ರಿಯೆಯ ಕೋಣೆ ಬೇಕು. ಸೂಜಿ, ನಳಿಕೆ, ಔಷಧಿಗಳನ್ನು ವಾಹನದಲ್ಲಿ ತರಬಹುದು. ರಾತ್ರಿ ಎರಡು ಗಂಟೆಗೆ ಹಾಸಿಗೆಯ ಪಕ್ಕ ನಿಲ್ಲುವ ಮನುಷ್ಯರನ್ನು ಹಾಗೆ ತರಲಾಗದು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅರಿವಳಿಕೆ ತಜ್ಞರ ಹುದ್ದೆಯೇ ಇರುವುದಿಲ್ಲ. ತಜ್ಞರ ಕೊರತೆಯಿಂದಾಗಿ ನಮ್ಮ ದೇಶದಲ್ಲಿ ಎಂ.ಬಿ.ಬಿ.ಎಸ್. ವೈದ್ಯರಿಗೇ ಕೆಲವು ವಾರಗಳ ತರಬೇತಿ ಕೊಟ್ಟು ತುರ್ತು ಸಿಸೇರಿಯನ್‌ಗೆ ಅರಿವಳಿಕೆ ಕೊಡಿಸುವ ಯೋಜನೆ ಮಾಡಬೇಕಾಯಿತು. ಇರುವ ಒಬ್ಬ ತಜ್ಞರು ಜೀವ ಉಳಿಸುವ ಶಸ್ತ್ರಕ್ರಿಯೆಗೆ ಹೋಗುತ್ತಾರೆ. ನೋವು ತಗ್ಗಿಸುವ ಕೆಲಸ ಸರದಿಯ ಕೊನೆಗೆ ನಿಲ್ಲುತ್ತದೆ.

ಆದ್ದರಿಂದ "ಹಳ್ಳಿಯ ಹೆಂಗಸರು ಗಟ್ಟಿ, ಅವರಿಗೆ ಬೇಕಿಲ್ಲ" ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಕೊರತೆಗೆ ನಾವು ತೊಡಿಸಿದ ಹೊಗಳಿಕೆಯ ಅಂಗಿ ಅದು. ಆರೋಗ್ಯವಂತ ಗರ್ಭಿಣಿ ಕೇಳಿದರೆ ಎಪಿಡ್ಯೂರಲ್ ಕೊಡಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಶಿಫಾರಸು ಮಾಡಿದೆ. 'ಕೇಳಿದರೆ' ಎಂಬ ಮಾತನ್ನು ಗಮನಿಸಿ. ಬೇಡ ಎನ್ನುವ ಹಕ್ಕೂ ಅವಳದೇ.

ಸೂಜಿ ಸಿಗದ ಕಡೆ

ಸೂಜಿ ಇಲ್ಲದಿದ್ದರೆ ಏನೂ ಇಲ್ಲವೆಂದಲ್ಲ. ನಂಬಿಕೆಯ ಒಬ್ಬರು ಉದ್ದಕ್ಕೂ ಜೊತೆಗಿದ್ದರೆ ನೋವಿನ ಔಷಧಿಯ ಅಗತ್ಯವೇ ಕಡಿಮೆಯಾಗುತ್ತದೆ, ಹೆರಿಗೆಯೂ ಬೇಗ ಆಗುತ್ತದೆ ಎಂದು ಅಧ್ಯಯನಗಳು ತೋರಿಸಿವೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆ ಸಂಗಾತಿಯನ್ನು ಒಳಗೆ ಬಿಡಲು ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲಿ ಒಪ್ಪಿದೆ. ಓಡಾಡುವುದು, ಸೊಂಟ ನೀವುವುದು, ಬಿಸಿನೀರಿನ ಶಾಖ, ನಿಧಾನ ಉಸಿರಾಟ, ಇವೂ ಆಸರೆಯಾಗುತ್ತವೆ. ಹಳೆಯ ಸೂಲಗಿತ್ತಿಯರು ಇದನ್ನು ಚೆನ್ನಾಗಿ ಬಲ್ಲವರಾಗಿದ್ದರು.

ಆ ವಿದ್ಯಾರ್ಥಿನಿಗೆ ನನ್ನ ಸಲಹೆ ಇದು. ಮುಂದಿನ ತಪಾಸಣೆಗೆ ಅಕ್ಕನ ಜೊತೆ ನೀನೂ ಹೋಗು. ಹಿಮೋಗ್ಲೋಬಿನ್ ಎಷ್ಟು, ಪ್ಲೇಟ್‌ಲೆಟ್ ಎಷ್ಟು, ರಕ್ತದೊತ್ತಡ ಎಷ್ಟು ಎಂದು ಕೇಳಿ ಬರೆದುಕೊ. ಬೀದರಿನಲ್ಲಾಗಲಿ ಹೈದರಾಬಾದಿನಲ್ಲಾಗಲಿ, ಹೆರಿಗೆಗೆ ಗೊತ್ತುಮಾಡಿದ ಆಸ್ಪತ್ರೆಯಲ್ಲಿ ಅರಿವಳಿಕೆ ತಜ್ಞರು ರಾತ್ರಿಯೂ ಇರುತ್ತಾರೆಯೇ, ಎಪಿಡ್ಯೂರಲ್ ಕೊಡುತ್ತಾರೆಯೇ, ಜೊತೆಗೆ ಒಬ್ಬರನ್ನು ಬಿಡುತ್ತಾರೆಯೇ ಎಂದು ಮೊದಲೇ ವಿಚಾರಿಸು. ಬೇನೆ ಆರಂಭವಾದರೆ ಸೂಜಿಯ ಆಸೆಗೆ ದೂರದ ಆಸ್ಪತ್ರೆ ಹುಡುಕುತ್ತ ಹೊತ್ತು ಕಳೆಯಬೇಡಿ. 108ಕ್ಕೆ ಕರೆ ಮಾಡಿ ಹತ್ತಿರದ ಹೆರಿಗೆ ಕೇಂದ್ರ ಸೇರಿ.

ಇನ್ನುಳಿದ ನೀವು, ನಾಳೆ ಡಾಕ್ಟರೋ ನರ್ಸೋ ಆಗುವವರಿದ್ದೀರಿ. ಆಗದಿದ್ದರೂ ಗಂಡನೋ, ಅತ್ತಿಗೆಯೋ, ಅಣ್ಣನೋ ಆಗಿಯೇ ಆಗುತ್ತೀರಿ. ಆ ದಿನ ಬಾಗಿಲ ಹೊರಗೆ ನಿಂತವರು "ಹೆರಿಗೆ ಎಂದ ಮೇಲೆ ನೋವು ಇದ್ದದ್ದೇ" ಎಂದರೆ, ಒಳಗಿರುವವಳನ್ನು ಒಮ್ಮೆ ಕೇಳಿ ನೋಡೋಣ ಎಂದು ಹೇಳುವವರು ನೀವಾಗಿರಿ.