ಡಿಶ್ಶಿನ ನಡುವೆ ಬಿದ್ದ ನೆರಳು

1993ರ ಮಾರ್ಚ್ ತಿಂಗಳ ಮಧ್ಯದ ಒಂದು ಶನಿವಾರ. ಬ್ಯಾಡಗಿಯ ನಮ್ಮ ಮನೆಯ ಮಾಳಿಗೆಯ ಮೇಲೆ 12 ಅಡಿ ಅಗಲದ ಜಾಲರಿಯ ಡಿಶ್ ಆಗ್ನೇಯದ ಕಡೆಗೆ ಮುಖ ಮಾಡಿ ಕುಳಿತಿತ್ತು. ಅದರ ಪಕ್ಕದಲ್ಲೇ ಅಪ್ಪ ಮೆಣಸಿನಕಾಯಿ ಒಣಹಾಕಿದ್ದರು. ಬೆಳಗಿನ ಹತ್ತೂಕಾಲು ಗಂಟೆಯ ಸುಮಾರಿಗೆ ಟಿವಿಯ ಚಿತ್ರದ ಮೇಲೆ ಬಿಳಿ ಚುಕ್ಕೆಗಳು ಏಳತೊಡಗಿದವು. ನೋಡನೋಡುತ್ತಿದ್ದಂತೆ ಚಿತ್ರ ಮಾಯವಾಗಿ ಪರದೆಯ ತುಂಬ ಬರೀ ಭರಭರ ಸದ್ದು. ಐದು ನಿಮಿಷದೊಳಗೆ ಓಣಿಯ ಹುಡುಗರು ಬಾಗಿಲಿಗೆ ಬಂದು ನಿಂತರು.

ಆಗ ನಾನು ಬಿ.ಎಸ್ಸಿ., ಬಿ.ಎಡ್. ಮುಗಿಸಿ ನೌಕರಿಗಾಗಿ ಅರ್ಜಿ ಹಾಕುತ್ತ ಕುಳಿತಿದ್ದೆ. ಆ ಡಿಶ್ ರಾಣೆಬೆನ್ನೂರಿನಲ್ಲಿ ರೇಡಿಯೊ ರಿಪೇರಿ ಮಾಡುತ್ತಿದ್ದ ನಮ್ಮ ದೂರದ ಸಂಬಂಧಿ ಅಣ್ಣನದು. ಮಾಳಿಗೆ ನಮ್ಮದು, ಕೇಬಲ್ ಅವನದು, ನೋಡಿಕೊಳ್ಳುವ ಕೆಲಸ ನನ್ನದು ಎಂದು ಒಪ್ಪಂದವಾಗಿತ್ತು. ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಿ ಗುಮಾಸ್ತರಾಗಿದ್ದ ಅಪ್ಪನಿಗೆ ಇದು ಮನಸ್ಸಿಗೆ ಬಂದಿರಲಿಲ್ಲ. "ಪರದೇಶದ ಆಟ ಮನಿಯೊಳಗ ತಂದು ಹುಡುಗರನ್ನ ಕೆಡಸ್ತೀರಿ" ಎನ್ನುತ್ತಿದ್ದರು. ಮಗನಿಗೆ ಬೇರೆ ಕೆಲಸವಿಲ್ಲವೆಂದು ಸುಮ್ಮನಿದ್ದರು, ಅಷ್ಟೆ.

ಹುಡುಗರ ಗಲಾಟೆಗೆ ಹೆದರಿ ನಾನು ಪಾನಾ ಹಿಡಿದು ಮಾಳಿಗೆ ಹತ್ತಿದೆ. ಗಾಳಿಗೆ ಡಿಶ್ ಅಲುಗಿರಬೇಕೆಂದುಕೊಂಡು ಬೋಲ್ಟು ಸಡಿಲಿಸಿದೆ; ಅತ್ತ ತಿರುಗಿಸಿದೆ, ಇತ್ತ ತಿರುಗಿಸಿದೆ. ಚಿತ್ರ ಬರಲಿಲ್ಲ. ಸಂಜೆಯವರೆಗೂ ಬರಲಿಲ್ಲ. ಕೆಲವರು ತಿಂಗಳ ದುಡ್ಡು ಮರಳಿ ಕೊಡಿ ಎಂದರು. ಭಾನುವಾರ ನಸುಕಿನಲ್ಲೇ ಅಣ್ಣ ರಾಣೆಬೆನ್ನೂರಿನಿಂದ ಬಂದು, ನನ್ನನ್ನು ಬೈಯುತ್ತಲೇ ಡಿಶ್ಶನ್ನು ಮೊದಲಿನ ಜಾಗಕ್ಕೆ ತಂದು ಕೂಡಿಸಿದ. ಚಿತ್ರ ಕನ್ನಡಿಯಂತೆ ಬಂತು. ಆದರೆ ಹತ್ತೂಕಾಲಿಗೆ ಮತ್ತೆ ಅದೇ ಬಿಳಿ ಚುಕ್ಕೆ! ಅಣ್ಣ ಪಾನಾ ಎತ್ತಿಕೊಂಡ. ಮೆಣಸಿನಕಾಯಿ ತಿರುವುತ್ತಿದ್ದ ಅಪ್ಪ ತಲೆಯೆತ್ತಿ ಹೇಳಿದರು:

"ತಡೀರೋ ತಮ್ಮಾ. ಆ ಡಬ್ಬಿ ನೆರಳು ನಿಮ್ಮ ಪರಾತದ ನಟ್ಟನಡುವ ಬಿದ್ದೈತಿ ನೋಡು. ನಿನ್ನೀನೂ ಇದ ಹೊತ್ತಿಗೆ ಅಲ್ಲೇ ಬಿದ್ದಿತ್ತು. ಸೂರ್ಯ ನಿಮ್ಮ ಟೀವಿಗೆ ಅಡ್ಡ ಬಂದಾನೇನು?"

ಅವರು ಡಬ್ಬಿ ಎಂದದ್ದು ಡಿಶ್ಶಿನ ಮುಂದೆ ಮೂರು ಕಾಲುಗಳ ಮೇಲೆ ನಿಂತ ಎಲ್‌ಎನ್‌ಬಿಯನ್ನು. ನಾವಿಬ್ಬರೂ ಕೈಕಟ್ಟಿ ನಿಂತೆವು. ನೆರಳು ನಿಧಾನಕ್ಕೆ ನಡುವಿನಿಂದ ಸರಿಯಿತು. ಎಂಟು-ಹತ್ತು ನಿಮಿಷಗಳಲ್ಲಿ, ಯಾರೂ ಮುಟ್ಟದೆಯೇ ಚಿತ್ರ ತಾನಾಗಿ ಮರಳಿ ಬಂತು.

ಸೂರ್ಯ ಅಡ್ಡ ಬಂದದ್ದು ಹೇಗೆ?

ಅಪ್ಪ ಹೇಳಿದ್ದರಲ್ಲಿ ಒಂದೇ ತಿದ್ದುಪಡಿ. ಸೂರ್ಯ ಅಡ್ಡ ಬಂದಿರಲಿಲ್ಲ. ಉಪಗ್ರಹದ ಬೆನ್ನ ಹಿಂದೆ ಬಂದಿದ್ದ. ಟಿವಿ ಉಪಗ್ರಹಗಳು ಸಮಭಾಜಕ ವೃತ್ತದ ಮೇಲೆ ಸುಮಾರು 36,000 ಕಿ.ಮೀ. ಎತ್ತರದಲ್ಲಿ, ಭೂಮಿ ಒಂದು ಸುತ್ತು ತಿರುಗುವ ಹೊತ್ತಿಗೆ ತಾವೂ ಒಂದು ಸುತ್ತು ಬರುತ್ತವೆ. ಆದ್ದರಿಂದ ನಮಗೆ ಅವು ಆಕಾಶದಲ್ಲಿ ನಿಂತಲ್ಲೇ ನಿಂತಂತೆ. ಅಷ್ಟು ದೂರದಿಂದ ಬರುವ ಸಂಕೇತ ಅತ್ಯಂತ ಕ್ಷೀಣ. ಸೂರ್ಯನೋ ಬೆಳಕು, ಶಾಖಗಳ ಜೊತೆಗೆ ರೇಡಿಯೊ ತರಂಗಗಳನ್ನೂ ಸೂಸುತ್ತಾನೆ. ಇಬ್ಬರೂ ಒಂದೇ ನೇರಕ್ಕೆ ಬಂದಾಗ, ಜಾತ್ರೆಯ ಲೌಡ್‌ಸ್ಪೀಕರಿನ ಮುಂದೆ ಪಿಸುಮಾತು ಆಡಿದಂತಾಗುತ್ತದೆ. ಹಗಲಿರುಳು ಸಮವಾಗುವ ದಿನಗಳ ಆಸುಪಾಸಿನಲ್ಲಿ ಸೂರ್ಯ ಸಮಭಾಜಕವನ್ನು ದಾಟುತ್ತಾನಷ್ಟೆ. ನಾವು ಉತ್ತರ ಗೋಲಾರ್ಧದಲ್ಲಿರುವುದರಿಂದ ಉಪಗ್ರಹ ನಮಗೆ ತುಸು ದಕ್ಷಿಣಕ್ಕೆ ಸರಿದಂತೆ ಕಾಣುತ್ತದೆ. ಹಾಗಾಗಿ ನಮ್ಮ ಹಾವೇರಿ ಸೀಮೆಯಲ್ಲಿ ಈ ಘಟನೆ ಮಾರ್ಚ್ 14 ಮತ್ತು ಸೆಪ್ಟೆಂಬರ್ 29ರ ಆಚೀಚೆ ಕೆಲವು ದಿನ ನಡೆಯುತ್ತದೆ.

ಬಿ.ಎಸ್ಸಿ.ಯಲ್ಲಿ ಭೌತಶಾಸ್ತ್ರ ಓದಿದ್ದ ನನಗೆ ಇದರ ಒಂದೊಂದು ತುಂಡೂ ಗೊತ್ತಿತ್ತು. ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ಪಡೆದಿದ್ದೆ. ಆದರೆ ಮಾಳಿಗೆಯ ಮೇಲೆ ಅದು ಹೊಳೆಯಲಿಲ್ಲ. ಕಾಯಿ ಒಣಗಿಸಲು ದಿನವೂ ನೆರಳು ಸರಿಯುವುದನ್ನು ನೋಡುತ್ತಿದ್ದ ಅಪ್ಪನಿಗೆ ಹೊಳೆಯಿತು.

ಸಮುದ್ರದಾಚೆಯಿಂದ ಬಂದ ಚಿತ್ರ

ನಾವು ಹಿಡಿಯುತ್ತಿದ್ದುದು 105.5 ಡಿಗ್ರಿ ಪೂರ್ವ ರೇಖಾಂಶದಲ್ಲಿದ್ದ ಏಷ್ಯಾಸ್ಯಾಟ್-1 ಉಪಗ್ರಹವನ್ನು. 1991ರಲ್ಲಿ ಹಾಂಗ್‌ಕಾಂಗಿನ ಸ್ಟಾರ್ ಟಿವಿ ಅದರ ಮೂಲಕ ಪ್ರಸಾರ ಆರಂಭಿಸಿತ್ತು. ಅಮೆರಿಕದ ಧಾರಾವಾಹಿಗಳು, ಬಿಬಿಸಿ ಸುದ್ದಿ, ಎಂಟಿವಿ ಹಾಡು ಯಾವ ಗಡಿಯನ್ನೂ ಕೇಳದೆ ಬ್ಯಾಡಗಿಯ ಓಣಿಗೆ ಇಳಿದವು. ಉಪಗ್ರಹದ ಹುಟ್ಟಿನ ಕಥೆ ಆ ಧಾರಾವಾಹಿಗಳಿಗಿಂತ ಸ್ವಾರಸ್ಯದ್ದು. ಅದು ಮೂಲತಃ ಅಮೆರಿಕದ ವೆಸ್ಟಾರ್-6. 1984ರ ಫೆಬ್ರುವರಿಯಲ್ಲಿ ಚಾಲೆಂಜರ್ ನೌಕೆಯಿಂದ ಬಿಟ್ಟಾಗ ಅದರ ಮೋಟಾರು ಕೈಕೊಟ್ಟು ಕೆಳಗಿನ ಕಕ್ಷೆಯಲ್ಲೇ ಉಳಿಯಿತು. ಅದೇ ನವೆಂಬರಿನಲ್ಲಿ ಡಿಸ್ಕವರಿಯಲ್ಲಿ ಹೋದ ಜೋಸೆಫ್ ಅಲೆನ್ ಮತ್ತು ಡೇಲ್ ಗಾರ್ಡ್ನರ್ ಬಾಹ್ಯಾಕಾಶದಲ್ಲಿ ತೇಲುತ್ತಲೇ ಅದನ್ನು ಹಿಡಿದರು. ನೌಕೆ ಅದನ್ನು ಭೂಮಿಗೆ ಮರಳಿ ತಂದಿತು. ರಿಪೇರಿಯಾಗಿ, ಹೊಸ ಹೆಸರು ಹೊತ್ತು, 1990ರ ಏಪ್ರಿಲ್ 7ರಂದು ಚೀನಾದ ರಾಕೆಟ್ ಏರಿ ಮತ್ತೆ ಮೇಲೆ ಹೋಯಿತು. ಒಮ್ಮೆ ನಪಾಸಾದದ್ದೇ ಅರ್ಧ ಏಷ್ಯಾಕ್ಕೆ ಚಿತ್ರ ಕಳಿಸಿತು. ಪರೀಕ್ಷೆಯಲ್ಲಿ ಎಡವಿದ ಮಕ್ಕಳಿಗೆ ನಾನು ಈ ಕಥೆಯನ್ನು ತಪ್ಪದೆ ಹೇಳುತ್ತೇನೆ.

ಇದಕ್ಕೂ ಮೊದಲೇ ಉತ್ತರ ಕರ್ನಾಟಕ ಅಮೆರಿಕದ ಉಪಗ್ರಹವೊಂದನ್ನು ಕಂಡಿತ್ತು. 1975ರ ಆಗಸ್ಟ್ 1ರಿಂದ ಒಂದು ವರ್ಷ ನಾಸಾದ ಎಟಿಎಸ್-6 ಉಪಗ್ರಹವನ್ನು ಬಳಸಿ, ಇಸ್ರೊ ಸಂಸ್ಥೆ ಆರು ರಾಜ್ಯಗಳ 2,400 ಹಳ್ಳಿಗಳಿಗೆ ಕೃಷಿ, ಆರೋಗ್ಯ, ಶಾಲಾ ಪಾಠಗಳನ್ನು ತೋರಿಸಿತು. ಅಂದಿನ ರಾಯಚೂರು, ಗುಲ್ಬರ್ಗ, ವಿಜಾಪುರ ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿದ್ದವು. ಅಲ್ಲಿ ನಿಲ್ಲಿಸಿದ್ದ ಡಿಶ್ ಕೋಳಿಗೂಡಿಗೆ ಬಳಸುವ ತಂತಿಬಲೆಯದು. ಉಪಗ್ರಹ ಪರದೇಶದ್ದು, ಪಾಠ ಮಾತ್ರ ನಮ್ಮದು, ಕನ್ನಡದ್ದು. ಪರದೇಶದ ಗಾಳಿ ಎಂದು ಹೆದರುತ್ತಿದ್ದ ಅಪ್ಪನಿಗೆ ನಾನು ಮುಂದೆ ಇದನ್ನು ಹೇಳಿದಾಗ, "ಪರಾತ ಯಾರದರ ಇರಲಿ, ಅದರಾಗ ಏನ ಹಾಕ್ತೀರಿ ಅನ್ನೋದು ಮುಖ್ಯ" ಎಂದರು.

ನೀವೂ ಅಳೆಯಿರಿ

ಈಗ ಆ ದೊಡ್ಡ ಡಿಶ್ ಇಲ್ಲ, ಅಪ್ಪನೂ ಇಲ್ಲ. ನಾಲ್ಕೈದು ಮಹಡಿ ಹೊಳೆಯುವ ಎಚ್‌ಡಿ ಚಿತ್ರಕ್ಕೆ ಗೋಡೆಗೆ ಮೊಳೆ ಹೊಡೆದು ಕೂಡಿಸಿದ ಪುಟ್ಟ ತಟ್ಟೆ ಸಾಕು. ಯಾರೂ ಪಾನಾ ಹಿಡಿಯಬೇಕಿಲ್ಲ. ಚಿತ್ರ ಎಲ್ಲಿಂದ ಬರುತ್ತದೆಂದು ಕೇಳಬೇಕಾಗಿಯೂ ಇಲ್ಲ. ಮಕ್ಕಳು ಏನು ನೋಡುತ್ತಾರೆಂಬ ಚಿಂತೆ ಪಾಲಕರಿಗೆ ಅಂದಿನಂತೆ ಇಂದೂ ಇದೆ. ಅದು ಸಹಜವೇ. ಅದರ ಜೊತೆಗೆ, ಹೇಗೆ ಬರುತ್ತದೆ ಎಂಬ ಪ್ರಶ್ನೆಯನ್ನೂ ಮಕ್ಕಳೊಡನೆ ಕೂತು ಬಿಡಿಸಿದರೆ ಒಳ್ಳೆಯದು.

ದೂರದರ್ಶನದ ಫ್ರೀ ಡಿಶ್ ಇದ್ದವರು ಹೀಗೆ ಮಾಡಬಹುದು. ಅದರ ಉಪಗ್ರಹ ಜಿಸ್ಯಾಟ್-15 ಇರುವುದು 93.5 ಡಿಗ್ರಿ ಪೂರ್ವದಲ್ಲಿ. ಸೆಪ್ಟೆಂಬರ್ 27ರಿಂದ ಐದು ದಿನ, ಬೆಳಗ್ಗೆ 10-45ರಿಂದ 11-10ರವರೆಗೆ ಪೆಟ್ಟಿಗೆಯ ಮೆನುವಿನಲ್ಲಿರುವ ಸಿಗ್ನಲ್ ಗುಣಮಟ್ಟದ ಪಟ್ಟಿಯನ್ನು ನಿಮಿಷಕ್ಕೊಮ್ಮೆ ನೋಡಿ ಬರೆದಿಡಿ. ಅದೇ ಹೊತ್ತಿಗೆ ಅಂಗಳದಲ್ಲಿ ಒಂದು ಮೀಟರ್ ಉದ್ದದ ಕೋಲನ್ನು ನೆಟ್ಟಗೆ ನಿಲ್ಲಿಸಿ ನೆರಳನ್ನು ಅಳೆಯಿರಿ. ಗುಣಮಟ್ಟ ಅತ್ಯಂತ ಕೆಳಗಿಳಿದ ಕ್ಷಣದಲ್ಲಿ ನೆರಳು ಸುಮಾರು 51 ಸೆಂ.ಮೀ. ಇರಬೇಕು. ಅಂದರೆ ಸೂರ್ಯನೂ ಉಪಗ್ರಹವೂ ದಿಗಂತದಿಂದ ಸುಮಾರು 63 ಡಿಗ್ರಿ ಮೇಲೆ. ಕಣ್ಣಿಗೆ ಕಾಣದ ಉಪಗ್ರಹದ ಎತ್ತರದ ಕೋನವನ್ನು ಒಂದು ಕೋಲಿನಿಂದ ಅಳೆದಂತಾಯಿತು. ಸೂರ್ಯನನ್ನು ಮಾತ್ರ ನೇರವಾಗಿ ನೋಡಬೇಡಿ, ನೋಡಬೇಕಾದದ್ದು ನೆರಳನ್ನು.

ಮತ್ತೊಂದು ಮಾತು. ಆ ಹತ್ತು ನಿಮಿಷ ಯಾರೂ ಡಿಶ್ಶಿನ ಬೋಲ್ಟಿಗೆ ಕೈಹಾಕಬೇಡಿ. ಇದು ಅನುಭವದ ಮಾತು.