ಹತ್ತಿಯ ಧೂಳು, ಡಾಕ್ಟರರ ಚೀಟಿ

ವಾರದ ರಜೆ ಮುಗಿಸಿ ಕೆಲಸಕ್ಕೆ ಹೋದ ದಿನವೇ ನಿಮ್ಮ ಎದೆ ಬಿಗಿಯುತ್ತದೆಯೇ? ಸಂಜೆಗೆ ಕೆಮ್ಮು, ದಮ್ಮು ಹೆಚ್ಚಿ ಮರುದಿನ ತುಸು ಹಗುರವಾಗುತ್ತದೆಯೇ? ನೀವು ಜಿನ್ನಿಂಗ್ ಫ್ಯಾಕ್ಟರಿಯಲ್ಲೋ ನೂಲಿನ ಗಿರಣಿಯಲ್ಲೋ ದುಡಿಯುವವರಾದರೆ ಇದನ್ನು ಹವೆಯ ದೋಷವೆಂದು ತಳ್ಳಿಹಾಕಬೇಡಿ. ಹತ್ತಿಯ ಧೂಳಿನಿಂದ ಬರುವ ಈ ಶ್ವಾಸಕೋಶದ ಕಾಯಿಲೆಯ ಹೆಸರು ಬಿಸಿನೋಸಿಸ್. ಮೊದಮೊದಲು ರಜೆಯ ಮರುದಿನ ಮಾತ್ರ ಕಾಡುವ ಬಿಗಿತ, ಧೂಳಿನಲ್ಲೇ ದುಡಿಯುತ್ತಾ ಹೋದರೆ ವಾರವಿಡೀ ಉಳಿಯುತ್ತದೆ. ಆಮೇಲೆ ಕೆಲಸ ಬಿಟ್ಟರೂ ಉಸಿರು ಮೊದಲಿನಂತಾಗುವುದು ಕಷ್ಟ.

ಕೈ ಬೆರಳು ಯಂತ್ರಕ್ಕೆ ಸಿಕ್ಕರೆ ಪರಿಹಾರ ಕೇಳಬಹುದೆಂದು ಎಲ್ಲರಿಗೂ ಗೊತ್ತು. ಕಾಯಿಲೆಗೂ ಕೇಳಬಹುದೆಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. 1923ರ ನೌಕರರ ಪರಿಹಾರ ಕಾಯ್ದೆಯ ಮೂರನೇ ಅನುಸೂಚಿಯಲ್ಲಿ ಬಿಸಿನೋಸಿಸ್ ಹೆಸರಿದೆ. ಕಲ್ಲಿನ ಧೂಳಿನ ಸಿಲಿಕೋಸಿಸ್ ಕೂಡ ಇದೆ. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇಂಥ ಕಾಯಿಲೆಗಳ ಪಟ್ಟಿ ಇದೆ. ಮೊತ್ತವೂ ಸಣ್ಣದಲ್ಲ. 40 ವರ್ಷದ, ತಿಂಗಳಿಗೆ 12,000 ರೂ. ಸಂಬಳದ ಕಾರ್ಮಿಕನ ದುಡಿಯುವ ಶಕ್ತಿ ಶಾಶ್ವತವಾಗಿ ಶೇ. 30ರಷ್ಟು ಕುಗ್ಗಿದೆಯೆಂದು ವೈದ್ಯರು ನಿರ್ಧರಿಸಿದರೆ ಸಿಗಬೇಕಾದದ್ದು ಸುಮಾರು 3,97,800 ರೂ. ಸಂಬಳದ ಶೇ. 60ನ್ನು ಆ ವಯಸ್ಸಿನ ಗುಣಕ 184.17ರಿಂದ ಗುಣಿಸಿ, ಅದರ ಶೇ. 30 ತೆಗೆಯುವ ಲೆಕ್ಕವಿದು.

ಆದರೆ ಇಡೀ ಅರ್ಜಿ ನಿಲ್ಲುವುದು ಡಾಕ್ಟರರ ಚೀಟಿಯ ಮೇಲೆ. ಅದರಲ್ಲಿ ಬರೇ 'ಆಸ್ತಮಾ' ಎಂದಿದ್ದರೆ ಗಿರಣಿಯ ವಕೀಲರಿಗೆ ಅಷ್ಟೇ ಸಾಕು. ಜನ ತುಂಬಿದ ಆಸ್ಪತ್ರೆಯಲ್ಲಿ ನಿಮ್ಮ ಕೆಲಸವೇನೆಂದು ಕೇಳುವಷ್ಟು ಪುರುಸೊತ್ತು ಯಾರಿಗಿದೆ? ನೀವೇ ಹೇಳಿ: ಯಾವ ವಿಭಾಗ, ಎಷ್ಟು ವರ್ಷ, ಯಾವ ದಿನ ಹೆಚ್ಚು. ಅದನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಎಕ್ಸ್‌ರೇಯಲ್ಲಿ ಈ ಕಾಯಿಲೆಗೆಂದೇ ಇರುವ ಗುರುತು ಕಾಣಿಸುವುದಿಲ್ಲ. ರಜೆಯ ಮರುದಿನ ಪಾಳಿಗೆ ಮುಂಚೆ ಒಮ್ಮೆ, ಪಾಳಿ ಮುಗಿದ ಮೇಲೆ ಒಮ್ಮೆ ಊದಿಸಿ ನೋಡುವ ಸ್ಪೈರೋಮೆಟ್ರಿ ಪರೀಕ್ಷೆಗೆ ಬೆಲೆ ಹೆಚ್ಚು.

ಸಂಬಳದಲ್ಲಿ ಇಎಸ್‌ಐ ಕಡಿತವಾಗುತ್ತಿದ್ದರೆ ಮಾಲೀಕರನ್ನಲ್ಲ, ಇಎಸ್‌ಐ ನಿಗಮವನ್ನೇ ಕೇಳಬೇಕು. ಇಲ್ಲದಿದ್ದರೆ ಪರಿಹಾರಕ್ಕೆ ಎಲ್ಲಿ ಅರ್ಜಿ ಕೊಡಬೇಕೆಂದು ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ. ಕಾಯಿಲೆಯಿಂದ ಸತತವಾಗಿ ಕೆಲಸ ತಪ್ಪಿದ ಮೊದಲ ದಿನದಿಂದ ಎರಡು ವರ್ಷದೊಳಗೆ ಅರ್ಜಿ ಹೋಗಬೇಕು. 'ಇನ್ನೇನೂ ಕೇಳುವುದಿಲ್ಲ' ಎಂದು ಕೈಗೆ ಒಂದಿಷ್ಟು ದುಡ್ಡು ಕೊಟ್ಟು ಸಹಿ ಹಾಕಿಸಿಕೊಂಡಿದ್ದರೆ ಹೆದರಬೇಡಿ. ಪರಿಹಾರದ ಹಕ್ಕು ಬಿಟ್ಟುಕೊಡುವ ಅಂಥ ಒಪ್ಪಂದ ಕಾನೂನಿನಲ್ಲಿ ಊರ್ಜಿತವಲ್ಲ.

ಮನೆಮನೆಗೆ ಹೋಗಿ ಹತ್ತಿ ಹಿಂಜಿ ಗಾದಿ ಹೊಲಿಯುವ ನಮ್ಮ ಪಿಂಜಾರ, ನದಾಫ ಬಂಧುಗಳ ಎದೆಗೂ ಇದೇ ಧೂಳು ಇಳಿಯುತ್ತದೆ. ಅವರಿಗೆ ಮಾಲೀಕನೇ ಇಲ್ಲ, ಹಾಗಾಗಿ ಈ ಕಾಯ್ದೆಯ ನೆರಳೂ ಇಲ್ಲ. ಅದು ದೊಡ್ಡ ಕೊರತೆಯೇ. ಆದರೆ ಅವರ ಮಕ್ಕಳು ಇಂದು ಗಿರಣಿಯಲ್ಲಿದ್ದರೆ ಹಾಜರಿ ಕಾರ್ಡು, ಸಂಬಳದ ಚೀಟಿ ಯಾವುದನ್ನೂ ಎಸೆಯದೆ ಆಸ್ಪತ್ರೆಯ ಕಾಗದಗಳ ಜೊತೆಗೇ ಇಟ್ಟುಕೊಳ್ಳಲಿ. ಗುತ್ತಿಗೆದಾರನ ಕೈಕೆಳಗೆ ದುಡಿಯುವವರಿಗಂತೂ ಅದೇ ಮುಖ್ಯ ಸಾಕ್ಷಿ.