ಸ್ಟಿಕ್ಕರ್ ಮೇಲಿನ ‘5’ ಏನನ್ನು ಮುಚ್ಚಿಡುತ್ತಿದೆ?

‘ರೈಜನ್ 5 7520ಯು’ ಮತ್ತು ‘ರೈಜನ್ 5 7530ಯು’. ಹೆಸರಿನಲ್ಲಿ ಬದಲಾಗಿರುವುದು ಒಂದೇ ಒಂದು ಅಂಕಿ. ಅಣ್ಣತಮ್ಮಂದಿರ ಥರ ಕಾಣುತ್ತವೆ, ಅಲ್ವಾ? ಆದರೆ ಮೊದಲನೆಯದರಲ್ಲಿ ಇರುವುದು 4 ಕೋರ್, ಎರಡನೆಯದರಲ್ಲಿ 6. ಮೊದಲನೆಯದು 2019ರಲ್ಲಿ ಮಾರುಕಟ್ಟೆಗೆ ಬಂದ ‘ಝೆನ್ 2’ ವಿನ್ಯಾಸ, ಎರಡನೆಯದು ಅದರ ನಂತರದ ‘ಝೆನ್ 3’.

ಈಗ ಇನ್ನೊಂದು ಜೋಡಿ ನೋಡಿ. ಇಂಟೆಲ್‌ನ ಐ5-1235ಯು ಮತ್ತು ಐ5-1335ಯು. ಒಂದು 12ನೇ ತಲೆಮಾರು, ಇನ್ನೊಂದು 13ನೇದು. ಎರಡರಲ್ಲೂ 10 ಕೋರ್: ದೊಡ್ಡವು 2, ಸಣ್ಣವು 8. ಗರಿಷ್ಠ ವೇಗ 4.4 ಗಿಗಾಹರ್ಟ್ಸ್‌ನಿಂದ 4.6ಕ್ಕೆ ಏರಿದೆ, ಅಷ್ಟೇ. ಎಕ್ಸೆಲ್ ಶೀಟು, ಬ್ರೌಸರಿನಲ್ಲಿ ಇಪ್ಪತ್ತು ಟ್ಯಾಬು, ಒಂದು ಆನ್‌ಲೈನ್ ಕ್ಲಾಸು — ಈ ಕೆಲಸಗಳಲ್ಲಿ ಈ ವ್ಯತ್ಯಾಸ ಬಳಸುವವರ ಅರಿವಿಗೇ ಬರುವುದಿಲ್ಲ. ಆದರೂ ‘ಹೊಸ ಜನರೇಷನ್’ ಅನ್ನೋ ಹೆಸರಲ್ಲಿ ಹೆಚ್ಚಿನ ದುಡ್ಡು ಕೇಳುತ್ತಾರೆ.

ದೊಡ್ಡ ವ್ಯತ್ಯಾಸ ಹೆಸರಿನಲ್ಲಿ ಅಡಗಿ ಕೂತಿದೆ, ಸಣ್ಣ ವ್ಯತ್ಯಾಸ ಹೆಸರಿನಲ್ಲೇ ಮೆರೀತಿದೆ. ಇದು ಬರೀ ತಾಂತ್ರಿಕ ವಿಷಯ ಅಂತ ನನಗನ್ನಿಸುವುದಿಲ್ಲ.

ನಾನು ಇದರ ಬೆನ್ನು ಹತ್ತಿದ್ದು ಹಾವೇರಿಯಲ್ಲಿ ಬಿ.ಕಾಂ. ಓದುತ್ತಿರುವ ಚಿಕ್ಕಪ್ಪನ ಮಗಳಿಗಾಗಿ. ಚಿಕ್ಕಪ್ಪ ಚೀಟಿ ಎತ್ತಿ 45 ಸಾವಿರ ಕೈಗೆ ಕೊಟ್ಟಿದ್ದರು. ಅವಳು ಅಂಗಡಿಯಿಂದಲೇ ವಾಟ್ಸಾಪಿನಲ್ಲಿ ಐದು ಫೋಟೊ ಕಳಿಸಿ, “ಅಣ್ಣಾ, ಎಲ್ಲಾದ್ರಾಗೂ 5 ಅಂತನ ಬರದಾರ. ಯಾವ್ದ್ ತಗೋಬೇಕು?” ಅಂತ ಕೇಳಿದಳು. ನ್ಯಾಯವಾದ ಪ್ರಶ್ನೆ. ಬೆಲೆಪಟ್ಟಿಯಲ್ಲಿ ‘ಐ5’, ‘ರೈಜನ್ 5, 7000 ಸರಣಿ’ ಅಂತ ಮಾತ್ರ ಇತ್ತು. ಪೂರ್ತಿ ಸಂಖ್ಯೆ ಎಲ್ಲೂ ಇರಲಿಲ್ಲ.

ಮೊದಲು ಒಂದು ಮಾತು ಸ್ಪಷ್ಟವಾಗಲಿ. 3, 5, 7 ಅನ್ನುವುದು ಅಳತೆ ಅಲ್ಲ. ಕಂಪನಿ ತನ್ನ ಸರಕನ್ನು ಯಾವ ಸಾಲಿನಲ್ಲಿಟ್ಟು ಮಾರಬೇಕು ಅಂತ ತಾನೇ ಮಾಡಿಕೊಂಡ ವಿಂಗಡಣೆ. ಉದಾಹರಣೆಗೆ ಐ7-1255ಯು ತಗೊಳ್ಳಿ. ಅದರಲ್ಲೂ ಐ5-1235ಯು ಥರವೇ 2 ದೊಡ್ಡ, 8 ಸಣ್ಣ ಕೋರ್. ಅದೇ ತಲೆಮಾರಿನ ಐ5-1240ಪಿಯಲ್ಲಿ 4 ದೊಡ್ಡ, 8 ಸಣ್ಣ, ಒಟ್ಟು 12. ಅಂದರೆ ಕೋರ್ ಲೆಕ್ಕದಲ್ಲಿ ‘5’ ಮುಂದಿದೆ, ‘7’ ಹಿಂದಿದೆ! ಕಾರಣ ಕೊನೆಯ ಅಕ್ಷರ. ಯು ಅಂದರೆ 15 ವ್ಯಾಟ್ ಲೆಕ್ಕದಲ್ಲಿ ರೂಪಿಸಿದ್ದು, ಪಿ 28, ಎಚ್ 45. ವ್ಯಾಟ್ ಏರಿದಂತೆ ಭಾರೀ ಕೆಲಸಕ್ಕೆ ಬಲ ಸಿಗುತ್ತೆ. ಜೊತೆಗೆ ಬಿಸಿ, ಫ್ಯಾನಿನ ಸದ್ದು, ಬೇಗ ಖಾಲಿಯಾಗುವ ಬ್ಯಾಟರಿಯೂ ಬರುತ್ತೆ. ಕರೆಂಟು ಯಾವಾಗ ಹೋಗುತ್ತೋ ಗೊತ್ತಿಲ್ಲದ ಊರಿನಲ್ಲಿ ಕೂತು ಓದುವವರಿಗೆ ಯು ಅಕ್ಷರವೇ ಲೇಸು.

ಇನ್ನು ಕಂಪನಿಗಳ ಕಥೆ. ಎಎಂಡಿ 2022ರಲ್ಲಿ 7000 ಸರಣಿಯ ಹೆಸರಿನ ಸೂತ್ರವನ್ನು ಪ್ರಕಟಿಸಿತು. ಮೊದಲ ಅಂಕಿ ಮಾದರಿಯ ವರ್ಷ, ಮೂರನೆಯದು ಒಳಗಿನ ವಿನ್ಯಾಸ. ಅಂದರೆ ನಿಜ ಹೇಳುವ ಅಂಕಿ ಮಧ್ಯದಲ್ಲಿ ಹುದುಗಿದೆ, ಹೊಸತು ಅನ್ನಿಸುವ ಅಂಕಿ ಎದುರಿಗೆ ನಿಂತಿದೆ. 2023ರ ಡಿಸೆಂಬರ್‌ನಲ್ಲಿ ಇಂಟೆಲ್ ‘ಕೋರ್ ಟ್ರೂತ್ಸ್’ ಅನ್ನೋ ಪ್ರಚಾರ ಸಾಮಗ್ರಿ ಬಿಟ್ಟು, ಇದೇ 7520ಯು ಚಿಪ್ಪನ್ನು ಎತ್ತಿ ತೋರಿಸಿ, ಎದುರಾಳಿಯನ್ನು ನಕಲಿ ಔಷಧಿ ಮಾರುವವರಿಗೆ ಹೋಲಿಸಿತು. ಟೀಕೆ ಬಂದ ಮೇಲೆ ಅದನ್ನು ತೆಗೆದೂ ಹಾಕಿತು. ತಮಾಷೆ ಏನಂದ್ರೆ, ಮರು ತಿಂಗಳೇ, ಅಂದರೆ 2024ರ ಜನವರಿಯಲ್ಲಿ, ಇಂಟೆಲ್ ‘ಕೋರ್ 5 120ಯು’ ತಂತು. ‘ಐ’ ಅಕ್ಷರ ಹೋಯಿತು, ಸಂಖ್ಯೆ ಹೊಸದಾಯಿತು. ಒಳಗೆ? ಅದೇ 2 ದೊಡ್ಡ, 8 ಸಣ್ಣ ಕೋರ್, 13ನೇ ತಲೆಮಾರಿನದೇ ವಿನ್ಯಾಸ, ವೇಗದಲ್ಲಿ ಸ್ವಲ್ಪ ಏರಿಕೆ. ತಮ್ಮ ತಟ್ಟೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದವರ ತಟ್ಟೆಯ ನೊಣ ತೋರಿಸುವುದು ಅಂದರೆ ಇದೇ.

ನಿಜವಾಗಿ ಹೊಸ ವಿನ್ಯಾಸ ಇದ್ದದ್ದು ಅದೇ ಹೊತ್ತಿಗೆ ಬಂದ ‘ಕೋರ್ ಅಲ್ಟ್ರಾ’ದಲ್ಲಿ. ‘ಕೋರ್ 5’ ಮತ್ತು ‘ಕೋರ್ ಅಲ್ಟ್ರಾ 5’ ಬೇರೆ ಬೇರೆ ಅಂತ ಮೊದಲ ಸಲ ಲ್ಯಾಪ್‌ಟಾಪ್ ಕೊಳ್ಳುವ ಹುಡುಗಿಗೆ ಯಾರು ಹೇಳಬೇಕು?

ಕಾನೂನು ಇದೆ. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಸೆಕ್ಷನ್ 2(9) ಗ್ರಾಹಕರ ಹಕ್ಕುಗಳನ್ನು ಪಟ್ಟಿ ಮಾಡುತ್ತದೆ. ಸರಕಿನ ಗುಣಮಟ್ಟ, ಪ್ರಮಾಣ, ಸಾಮರ್ಥ್ಯ, ಶುದ್ಧತೆ, ದರ್ಜೆ, ಬೆಲೆಯ ಬಗ್ಗೆ ಮಾಹಿತಿ ಪಡೆಯುವುದು ಅದರಲ್ಲಿ ಒಂದು. ಅಕ್ಕಿ ಮೂಟೆ ಮೇಲೆ ತೂಕ ಬರೆಯದಿದ್ದರೆ ನಾವು ಕೇಳುತ್ತೇವೆ. ಪ್ರೊಸೆಸರ್ ವಿಷಯದಲ್ಲಿ ‘ಐ5 ಸಾರ್, ಸೂಪರ್ ಪೀಸು’ ಅಂದ ತಕ್ಷಣ ಸುಮ್ಮನಾಗುತ್ತೇವೆ. ಹಾಗಾಗಿ ಅಂಗಡಿಯಲ್ಲಿ ನಾಚಿಕೊಳ್ಳದೆ ಪೂರ್ತಿ ಮಾಡೆಲ್ ಸಂಖ್ಯೆ ಕೇಳಿ, ಬಿಲ್ಲಿನಲ್ಲೂ ಅದನ್ನೇ ಬರೆಸಿ. ಡೆಮೊ ಯಂತ್ರ ಇದ್ದರೆ ಟಾಸ್ಕ್ ಮ್ಯಾನೇಜರ್ ತೆರೆದು ‘ಪರ್ಫಾರ್ಮೆನ್ಸ್’ ಒತ್ತಿದರೆ ಹೆಸರು, ಕೋರ್ ಎರಡೂ ಕಾಣುತ್ತೆ. ಕಂಪನಿಯ ಸ್ವಂತ ಜಾಲತಾಣದಲ್ಲಿ ಆ ಸಂಖ್ಯೆ ಹುಡುಕಿದರೆ ಉಳಿದ ವಿವರ ಸಿಗುತ್ತೆ. ಎರಡು ನಿಮಿಷದ ಕೆಲಸ.

ತಂಗಿಗೆ ನಾನು ಹೇಳಿದ್ದು ಇಷ್ಟು: 8 ಜಿಬಿ ರ‍್ಯಾಮ್ ಇರುವ 1335ಯು ಬಿಡು, 16 ಜಿಬಿ ಇರುವ 1235ಯು ತಗೋ. ದಿನಬಳಕೆಯಲ್ಲಿ ಯಂತ್ರ ತಡವರಿಸುವುದು ಹೆಚ್ಚಾಗಿ ರ‍್ಯಾಮ್ ಸಾಲದೆ, ಪ್ರೊಸೆಸರ್ ಸಾಲದೆ ಅಲ್ಲ. ಹಾರ್ಡ್ ಡಿಸ್ಕ್ ಬದಲು ಎಸ್‌ಎಸ್‌ಡಿ ಇರಲೇಬೇಕು, ಅದರಲ್ಲಿ ರಾಜಿ ಬೇಡ. ರ‍್ಯಾಮ್ ಮುಂದೆ ಹೆಚ್ಚಿಸಬಹುದಾ ಅಂತಲೂ ಕೇಳಬೇಕು. 7520ಯು ಇರುವ ಯಂತ್ರಗಳಲ್ಲಿ ರ‍್ಯಾಮನ್ನು ಮದರ್‌ಬೋರ್ಡಿಗೇ ಬೆಸೆದಿರುತ್ತಾರೆ. ಕೊಂಡಾಗ ಎಷ್ಟಿತ್ತೋ ಕೊನೆವರೆಗೂ ಅಷ್ಟೇ. ವಿಡಿಯೊ ಎಡಿಟಿಂಗ್, ದೊಡ್ಡ ಕೋಡಿಂಗ್ ಪ್ರಾಜೆಕ್ಟು, ಗೇಮು ಅನ್ನುವವರ ಲೆಕ್ಕ ಬೇರೆ, ಅವರಿಗೆ ದೊಡ್ಡ ಕೋರ್ ಎಷ್ಟು ಅನ್ನುವುದೇ ಮುಖ್ಯ. ಅಂಥವರು ‘ಐ3-ಎನ್305’ ನೋಡಿ ‘8 ಕೋರ್ ಇದೆಯಲ್ಲ’ ಅಂತ ಹಿಗ್ಗಬಾರದು. ಆ ಎಂಟೂ ಸಣ್ಣವೇ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ ಮಾತ್ರ ತಲೆಮಾರಿನ ಅಂಕಿ ನಿಜಕ್ಕೂ ದೊಡ್ಡದು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಿ, ಒಂದೆರಡು ಅಪವಾದ ಬಿಟ್ಟರೆ, 8ನೇ ತಲೆಮಾರು ಅಥವಾ ಅದರ ನಂತರದ್ದೇ ಬೇಕು. 7ನೇ ತಲೆಮಾರಿನ ಐ7 ಕಡಿಮೆ ಬೆಲೆಗೆ ಸಿಗ್ತಿದೆ ಅಂತ ಯಾರಾದರೂ ಕರೆದರೆ, ಅದರಲ್ಲಿ ಲಿನಕ್ಸ್ ಹಾಕಿಕೊಂಡು ಬಳಸುವ ಮನಸ್ಸಿದ್ದರೆ ಮಾತ್ರ ಹೋಗಿ.